ನಾಲ್ಕನೇ ವಾಲ್ವು

ನಮ್ಮ ಊರು ಎಂಥದ್ದು ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ, ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಟ್ಯಾಂಕಿನ ಕೆಳಗೆ ಹೋಗಿ ನಿಂತರೆ ಸಾಕು. ಅಲ್ಲಿ ಸಿಮೆಂಟಿನ ನಾಲ್ಕು ಗುಂಡಿಗಳಿವೆ, ಒಂದೊಂದರೊಳಗೆ ಒಂದೊಂದು ವಾಲ್ವು. ಮೊದಲು ತಿರುಗಿಸುವುದು ಮೇಲಿನ ಬೀದಿಯದು. ಅಲ್ಲಿರುವವರು ಜಮೀನಿನವರು, ಮನೆ ದೊಡ್ಡದು, ಜನ ಕಮ್ಮಿ, ನೀರು ಜಾಸ್ತಿ. ಆಮೇಲೆ ನಮ್ಮ ನಡು ಬೀದಿ. ಬಡಗಿ, ಅಂಗಡಿಯವನು, ಮೇಷ್ಟ್ರು, ಹೊಲಿಗೆಯವಳಾದ ನಾನು, ಎಲ್ಲ ಇಲ್ಲೇ. ಮೇಲಿನವರ ಮುಂದೆ ಬಗ್ಗುವುದು, ಕೆಳಗಿನವರ ಮುಂದೆ ಬೀಗುವುದು, ಇದು ನಾವೆಲ್ಲ ಸೇರಿ ಮಾಡುವ ಕಸುಬು. ನಮ್ಮ ಸರದಿ ಮುಗಿದ ಮೇಲೆ ಕೂಲಿಯವರ ಕೆಳಗಿನ ಬೀದಿ. ಕೊನೆಗೆ, ಟ್ಯಾಂಕಿನಲ್ಲಿ ಏನಾದರೂ ಉಳಿದಿದ್ದರೆ, ಬಂದವರ ಸಾಲು.

ಬಂದವರ ಸಾಲು ಅಂದರೆ ಕಲ್ಲು ಗಣಿಯ ಪಕ್ಕದ ಮನೆಗಳು. ಗಣಿ ಶುರುವಾದಾಗ ಎಲ್ಲಿಂದಲೋ ಕಲ್ಲು ಒಡೆಯಲು ಬಂದರು, ಅದಕ್ಕೇ ಬಂದವರು. ಬಂದು ಎರಡು ತಲೆಮಾರು ಕಳೆಯಿತು. ಅವರ ಮೊಮ್ಮಕ್ಕಳಿಗೆ ಇಲ್ಲೇ ಹುಟ್ಟಿ ಇಲ್ಲೇ ಮೀಸೆ ಬಂದಿದೆ, ನಮ್ಮ ಮನೆಗಳ ಪಾಯವೆಲ್ಲ ಅವರು ಒಡೆದ ಕಲ್ಲು, ತಲೆ ಎಣಿಸಿದರೆ ಊರಿನ ಅರ್ಧ ಜನ ಅವರೇ. ಆದರೂ ಅವರು ಬಂದವರು. ಇವತ್ತು ಬೆಳಿಗ್ಗೆಯಷ್ಟೇ ಬಸ್ಸಿಳಿದು ದಾರಿ ಕೇಳುತ್ತಿದ್ದಾರೇನೋ ಎಂಬಂತೆ ಮಾತಾಡುತ್ತೇವೆ.

ನೀರು ಬಿಡುವವನು ನನ್ನ ಪಕ್ಕದ ಮನೆಯವನು. ಎರಡೂ ಮನೆಗಳ ನಡುವೆ ಒಂದೇ ಗೋಡೆ, ಹಿತ್ತಲಿನಲ್ಲಿ ಅದೂ ಎದೆಯೆತ್ತರಕ್ಕೆ ನಿಂತಿದೆ. ಅವನ ಹೆಂಡತಿಯನ್ನು ಬೀದಿಯವರೆಲ್ಲ ನಲ್ಲಿಯಕ್ಕ ಎನ್ನುತ್ತಾರೆ. ಯಾರ ಮನೆಯ ನಲ್ಲಿ ಸೊರಗಿದರೂ ಮೊದಲು ಹೋಗಿ ಜಗಳ ತೆಗೆಯುವುದು ಅವಳ ಹತ್ತಿರ. ಅವಳು ನಗುತ್ತಲೇ ಗಂಡನಿಗೆ ಹೇಳಿ ವಾಲ್ವು ಇನ್ನೆರಡು ಸುತ್ತು ತಿರುಗುವಂತೆ ಮಾಡುತ್ತಾಳೆ. ನಲ್ಲಿಯಕ್ಕ ಬಂದವರ ಸಾಲಿನ ಮಗಳು. ಅಲ್ಲಿ ಪೈಪು ಹಾಕುವಾಗ ಇವನು ಅವಳನ್ನು ನೋಡಿದ, ಪೈಪಿನ ಕೆಲಸ ಮುಗಿದರೂ ಹೋಗುವುದು ನಿಲ್ಲಿಸಲಿಲ್ಲ. ಮದುವೆಯಾಗಿ ಬಂದಾಗ ಇಡೀ ಬೀದಿ ಮೂಗು ಮುರಿಯಿತು. ನಾನೇನು ಸಾಚಾ ಅಲ್ಲ, ನಾನೂ ಮುರಿದಿದ್ದೆ. ಆದರೆ ನಾಲ್ಕೇ ವರ್ಷದಲ್ಲಿ ಅವಳು ನಮಗಿಂತ ಹೆಚ್ಚು ನಡು ಬೀದಿಯವಳಾದಳು. ಮಾತು ತಿದ್ದಿಕೊಂಡಳು, ನಡಿಗೆ ತಿದ್ದಿಕೊಂಡಳು. ಸಾಲಿನ ಕಡೆ ಹೋಗುವುದನ್ನೇ ಬಿಟ್ಟಳು.

ಹೋಗದಿದ್ದರೇನು, ಅವಳ ತಾಯಿ ಬರುತ್ತಿದ್ದಳು. ಕಲ್ಲಜ್ಜಿ ಎಂದು ಅವಳಿಗೆ ಹೆಸರು. ಸಣ್ಣ ಆಳು, ಬೆರಳುಗಳು ಮಾತ್ರ ಗಂಡಸಿನವು, ಜಲ್ಲಿ ಒಡೆದು ಒಡೆದು ಮೊಂಡಾದವು. ಹಿತ್ತಲ ಬಾಗಿಲಿನಿಂದ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಮಗಳ ಮುಖ ನೋಡಿ, ಒಂದು ಲೋಟ ಚಹಾ ಕುಡಿದು, ಹಿತ್ತಲ ಬಾಗಿಲಿನಿಂದಲೇ ಹೋಗುವಳು. ಮುಂಬಾಗಿಲಿಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಕಷ್ಟವನ್ನು ಅವಳು ಯಾರಿಗೂ ಕೊಡಲಿಲ್ಲ. ನಾನು ಅಂಗಿಗೆ ಗುಂಡಿ ಹೊಲಿಯುತ್ತಾ ಗೋಡೆಯ ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ:

"ಯಾಕೇ ಕೂಸೇ, ಒಣಗ್ಹೋಗಿದ್ದೀಯಾ? ಎಲ್ರಿಗೂ ಬಡ್ಸಿ ನೀನು ತಿಂತೀಯೋ ಇಲ್ವೋ?"

"ತಿಂತೀನಿ ಕಣವ್ವಾ. ಮೆತ್ತಗೆ ಮಾತಾಡು."

ಊರಿಗೆಲ್ಲ ಅಕ್ಕನಾದವಳನ್ನು ಕೂಸೇ ಎಂದು ಕರೆಯುವ ಬಾಯಿ ಅದೊಂದೇ ಇತ್ತು.

ನಲ್ಲಿಯಕ್ಕನಿಗೆ ಒಬ್ಬಳೇ ಮಗಳು. ಪಟ್ಟಣದಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ, ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಾಳೆ. ಅದೇ ಅಂಗಡಿಯಲ್ಲಿ ಗಾಜು ಸವೆಸುವ ಹುಡುಗನಿಗೂ ಇವಳಿಗೂ ಮನಸ್ಸು ಕೂಡಿತು. ಹುಡುಗನ ಮನೆಯವರು ಬೇಡ ಎನ್ನಲಿಲ್ಲ. ಆದರೆ ಫೋನಿನಲ್ಲಿ ಹುಡುಗನ ತಂದೆ ಒಂದು ಮಾತು ಹೇಳಿದ: "ನಮಗೆ ಕೊಡೋದು ತಗೊಳ್ಳೋದು ಏನೂ ಬೇಡ. ಮನೆತನ ಒಂದು ನೋಡ್ತೀವಿ. ತಾಯಿ ಕಡೆಯೋರು ಯಾರು, ಎಲ್ಲಿಯೋರು?"

ಫೋನು ಹಿಡಿದಿದ್ದವಳು ನಲ್ಲಿಯಕ್ಕ. "ನನ್ನ ಕಡೆ ಯಾರೂ ಉಳಿದಿಲ್ಲ" ಎಂದುಬಿಟ್ಟಳು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ಇವಳು ಹೇಳಿದ್ದು ಒಂದೇ. ಆದರೆ ಆ ಒಂದು ಸುಳ್ಳು ದಿನಾ ಬಂದು ಹಿತ್ತಲಲ್ಲಿ ಚಹಾ ಕುಡಿಯುತ್ತಿತ್ತಲ್ಲ! ಬೀಗರು ಮನೆ ನೋಡಲು ಬರುವ ದಿನ ಗೊತ್ತಾದಾಗ ಅವಳು ನನ್ನ ಹತ್ತಿರ ಬಂದು ಹೊಲಿಗೆ ಯಂತ್ರದ ಪಕ್ಕ ಕುಸಿದು ಕೂತಳು.

"ಅವ್ವನಿಗೆ ಹೇಗೆ ಹೇಳ್ಲಿ? ಬೀಗರು ಬರ್ತಾರೆ, ನೀನು ಬರ್ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹೇಳ್ಲೇಬೇಕಲ್ಲಮ್ಮ."

"ಸುಣ್ಣ ಬಳಿಸ್ತಿದ್ದೀವಿ, ಈ ವಾರ ಬರ್ಬೇಡ ಅಂತ ಹೇಳ್ದೆ. ಹೂಂ ಅಂದ್ಳು. ಸುಣ್ಣದ ವಾಸ್ನೆಗೆ ಕೆಮ್ಮು ಬರುತ್ತೆ, ಮೂಗಿಗೆ ಬಟ್ಟೆ ಕಟ್ಕೋ ಕೂಸೇ ಅಂದ್ಳು."

ಹೀಗೆ ಹೇಳಿ ಅತ್ತಳು. ಅತ್ತು ಕಣ್ಣೊರೆಸಿಕೊಂಡು, "ಅಭ್ಯಾಸಬಲ, ಮರೆತು ಬಂದ್ರೂ ಬಂದ್ಳೇ. ಆವತ್ತು ಹಿತ್ತಲ ಬಾಗ್ಲಿಗೆ ಚಿಲಕ ಹಾಕ್ಬಿಡಕ್ಕ" ಎಂದಳು. ಬೀಗರು ಬಂದ ದಿನ ಚಿಲಕ ಹಾಕಿದವಳು ನಾನೇ.

ಇನ್ನು ಅವಳ ಗಂಡನ ಬುದ್ಧಿ. ಹುಡುಗನ ತಾಯಿ ಮಾತಿನ ಮಧ್ಯೆ, ನಿಮ್ಮೂರಲ್ಲಿ ನೀರು ಹೇಗೆ ಎಂದು ಕೇಳಿದ್ದಳಂತೆ. ಇವನು, ನಮ್ಮ ಮನೇಲಿ ನಲ್ಲಿ ನಿಲ್ಲೋದೇ ಇಲ್ಲ ಎಂದು ಜಂಬ ಕೊಚ್ಚಿಕೊಂಡಿದ್ದ. ಕೊಚ್ಚಿಕೊಂಡ ಮೇಲೆ ನಿಲ್ಲಬಾರದಲ್ಲ. ಆವತ್ತು ಬೆಳಿಗ್ಗೆ ಮೇಲಿನ ಬೀದಿಯ ಸರದಿ ಮುಗಿಸಿ ನಮ್ಮ ಬೀದಿಯ ವಾಲ್ವು ಪೂರ್ತಿ ತೆಗೆದವನು, ಮುಚ್ಚಲೇ ಇಲ್ಲ. ಕೆಳಗಿನ ಬೀದಿಗೆ ಸ್ವಲ್ಪ ಹೊತ್ತು ನೂಲಿನಷ್ಟು ಬಿಟ್ಟು ನಿಲ್ಲಿಸಿದ. ನಾಲ್ಕನೇ ಗುಂಡಿಯ ಮುಚ್ಚಳ ತೆಗೆಯಲೇ ಇಲ್ಲ. ಒಂದು ದಿನ ತಾನೇ, ಸಾಲಿನವರಿಗೆ ತಡೆದು ರೂಢಿ ಇದೆ ಎಂದು ಅವನ ಲೆಕ್ಕ.

ಲೆಕ್ಕದಲ್ಲಿ ಒಂದು ತಪ್ಪಾಯಿತು. ಸಾಲಿಗೆ ನೀರು ಬರದಿದ್ದರೆ ಅವರು ಕೇಳಲು ಕಳಿಸುವುದು ಯಾರನ್ನು? ನೀರು ಬಿಡುವವನ ಅತ್ತೆಯನ್ನು.

ಬೀಗರು ಬಂದರು. ಒಳ್ಳೆಯ ಜನ, ಅದನ್ನು ಹೇಳಲೇಬೇಕು. ತಂದೆ ಲಾರಿ ಗ್ಯಾರೇಜಿನ ಮೇಸ್ತ್ರಿಯಾಗಿದ್ದು ಈಗ ಮನೆಯಲ್ಲಿರುವವನು. ತಾಯಿ ಅಗಲ ಮುಖದ, ಬಾಯ್ತುಂಬ ಮಾತಿನ ಹೆಂಗಸು. ಹುಡುಗನಿಗೆ ರಜೆ ಸಿಕ್ಕಿರಲಿಲ್ಲ. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಹಿತ್ತಲ ನಲ್ಲಿಯ ಕೆಳಗೆ ಡ್ರಮ್ಮು ತುಂಬಿ ಹರಿಯುತ್ತಿತ್ತು. ಆ ಸದ್ದು ಬೀಗಿತ್ತಿಯ ಕಿವಿಗೆ ಬೀಳಲಿ ಎಂದು ನೀರು ಬಿಡುವವನೇ ಅದನ್ನು ಹಾಗೆ ಬಿಟ್ಟಿದ್ದ.

ಬೀಗ ಕುರ್ಚಿಯಲ್ಲಿ ಆರಾಮಾಗಿ ಕೂತು ಊರಿನ ವಿಷಯ ತೆಗೆದ. "ಎಷ್ಟು ಜನ ಇದ್ದೀರಿ ಊರಲ್ಲಿ? ಎಂಥೆಂಥೋರು?"

ನೀರು ಬಿಡುವವ ಹುರುಪಿನಿಂದ ಹೇಳಿದ. ಮೇಲಿನ ಬೀದಿ, ಅವರ ಜಮೀನು. ನಡು ಬೀದಿ, ನಮ್ಮ ಮೇಷ್ಟ್ರು. ಕೆಳಗಿನ ಬೀದಿ, ಪಾಪ ಕೂಲಿಯವರು. "ಮೂರೇ ಬೀದಿ. ಎಲ್ಲಾ ಮರ್ಯಾದಸ್ಥರು."

"ಬರೋವಾಗ ಗಣಿ ಪಕ್ಕ ಅಷ್ಟೊಂದು ಮನೆ ಇದ್ವಲ್ಲ?"

"ಓ, ಅದಾ! ಅವ್ರು ಬಂದವ್ರು. ಊರಿನ ಲೆಕ್ಕಕ್ಕೆ ಬರಲ್ಲ."

ನಾನು ಚಹಾ ಜರಡಿ ಹಿಡಿದಿದ್ದ ಕೈ ನಿಲ್ಲಿಸಿ ನಲ್ಲಿಯಕ್ಕನ ಮುಖ ನೋಡಿದೆ. ಅವಳು ಒಲೆಯ ಕಡೆ ತಿರುಗಿಕೊಂಡಳು. ಊರಿನ ಲೆಕ್ಕಕ್ಕೆ ಬಾರದವಳೊಬ್ಬಳು ಆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಒಲೆ ಹಚ್ಚುತ್ತಿದ್ದಾಳೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ನೆನಪೇ ಇರಲಿಲ್ಲ. ಬೇಕೆಂದು ಹೇಳಿದ್ದರೆ ಬೈಯಬಹುದಿತ್ತು, ಅವನು ಸಹಜವಾಗಿ ಹೇಳಿದ್ದ.

ಆಗಲೇ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಮೆತ್ತಗೆ, ಬೆರಳಿನ ಗೆಣ್ಣಿನಿಂದ. ಅದು ಯಾರ ಬಡಿತ ಎಂದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಬಡಿಯಿತು. ನಾವಿಬ್ಬರೂ ಅಲುಗಾಡಲಿಲ್ಲ. ಕೊನೆಗೆ ನಿಂತಿತು. ನಲ್ಲಿಯಕ್ಕ ಉಸಿರು ಬಿಟ್ಟಳು, ನಾನೂ ಬಿಟ್ಟೆ. ಹಿತ್ತಲ ಬಾಗಿಲಿಗೆ ಚಿಲಕವಿದ್ದರೆ ಮನುಷ್ಯರು ಸುತ್ತಿಕೊಂಡು ಮುಂಬಾಗಿಲಿಗೆ ಬರುತ್ತಾರೆ ಎಂಬ ಸಣ್ಣ ವಿಷಯ ಇಬ್ಬರು ಬುದ್ಧಿವಂತೆಯರಿಗೂ ಹೊಳೆಯಲಿಲ್ಲ.

ಮಗಳು ಹೊಸ ಬಟ್ಟೆಯುಟ್ಟು ಚಹಾದ ತಟ್ಟೆ ಹಿಡಿದು ನಡುಮನೆಗೆ ಹೋದಳು. ಹಿಂದೆಯೇ ನಾವೂ ಹೋದೆವು. ಮುಂಬಾಗಿಲಲ್ಲಿ ಕಲ್ಲಜ್ಜಿ ನಿಂತಿದ್ದಳು.

ಸೊಂಟದ ಮೇಲೆ ಖಾಲಿ ಕೊಡ. ಹಿಂದೆ ಬೀದಿಯಲ್ಲಿ ಸಾಲಿನ ಒಂದಷ್ಟು ಹೆಂಗಸರು, ಅವರ ಸೊಂಟದಲ್ಲೂ ಖಾಲಿ ಕೊಡಗಳು. ಅಜ್ಜಿ ಮಾತಾಡಲು ಬಾಯಿ ತೆರೆದಳು. ಕುರ್ಚಿಯಲ್ಲಿದ್ದ ಅಪರಿಚಿತರನ್ನು ನೋಡಿದಳು. ಮೊಮ್ಮಗಳ ಹೊಸ ಬಟ್ಟೆ ನೋಡಿದಳು, ತಟ್ಟೆ ನೋಡಿದಳು. ಗೋಡೆ ನೋಡಿದಳು, ಸುಣ್ಣ ಬಳಿದಿರಲಿಲ್ಲ. ಅವಳಿಗೆ ಎಲ್ಲ ತಿಳಿಯಿತು. ತಿಳಿದದ್ದನ್ನು ನಾನು ಅವಳ ಮುಖದಲ್ಲೇ ಕಂಡೆ.

"ಯಾರಿದು?" ಎಂದಳು ಬೀಗಿತ್ತಿ.

ನೀರು ಬಿಡುವವ ನೆಲ ನೋಡಿದ. ನಲ್ಲಿಯಕ್ಕನ ತುಟಿ ಅಲುಗಿತು. ಅವಳು ಹೇಳುತ್ತಿದ್ದಳೋ ಏನೋ. ಹೇಳುತ್ತಿದ್ದಳು ಎಂದು ನಂಬಲು ನನಗೆ ಇವತ್ತಿಗೂ ಆಸೆ. ಆದರೆ ಅಜ್ಜಿ ಅವಕಾಶ ಕೊಡಲಿಲ್ಲ. ಕೊಡವನ್ನು ಹೊಸ್ತಿಲಾಚೆ ಇಳಿಸಿ, ಸೆರಗು ತಲೆಗೆಳೆದು, ಮಗಳ ಕಡೆ ಕೈಮುಗಿದಳು.

"ನಾನು ಪಾತ್ರೆ ತೊಳೆಯೋಳಮ್ಮ. ಇವತ್ತು ತಡ ಆಗೋಯ್ತು, ಬೈಬೇಡಿ ಅಮ್ಮಾವ್ರೇ."

ಬೀದಿಯಲ್ಲಿದ್ದ ಹೆಂಗಸರಿಗೆ ಕೈಯಲ್ಲೇ ಹೋಗಿ ಎಂದಳು. ಅವರು ಹೋದರು.

"ನೋಡಿ, ಒಳ್ಳೇ ಹೊತ್ತಿಗೇ ಬಂದ್ಲು" ಎಂದು ಬೀಗಿತ್ತಿ ನಕ್ಕು, ನೀರು ಕುಡಿದಿಟ್ಟಿದ್ದ ಲೋಟಗಳನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟಳು. ಕಲ್ಲಜ್ಜಿ ಇಸಿದುಕೊಂಡು, ಗೋಡೆಯಂಚಿಗೇ ಸರಿದು, ಒಳಗೆ ನಡೆದಳು. ಅವಳು ಮಗಳ ನಡುಮನೆ ದಾಟಿದ್ದು ಅದೇ ಮೊದಲು.

ನಲ್ಲಿಯಕ್ಕ ಬೀಗಿತ್ತಿಯ ಎದುರು ಕೂತು ನಗುತ್ತಿದ್ದಳು. ಆ ನಗು ನೋಡಲು ನನ್ನಿಂದಾಗಲಿಲ್ಲ, ಹಿತ್ತಲಿಗೆ ಹೋದೆ.

ಅಜ್ಜಿ ನಲ್ಲಿಯ ಕೆಳಗೆ ಕೂತು ಲೋಟ ಉಜ್ಜುತ್ತಿದ್ದಳು. ಸಾಲಿಗೆ ಹೋಗಬೇಕಾದ ನೀರು ಡ್ರಮ್ಮಿನಿಂದ ಹೊರಚೆಲ್ಲಿ ಅವಳ ಪಾದದ ಮೇಲೆ ಹರಿಯುತ್ತಿತ್ತು. ಅವಳು ಕೈ ಚಾಚಿ ನಲ್ಲಿಯನ್ನು ಅರ್ಧ ತಿರುಗಿಸಿದಳು, ಸುಮ್ಮನೆ ಹಾಳಾಗದಿರಲಿ ಎಂದು.

"ಅಜ್ಜೀ, ಬಿಡಿ, ನಾನು ತೊಳೀತೀನಿ" ಎಂದೆ.

"ಶ್. ಹುಡುಗ ಒಳ್ಳೆಯವನಾ?"

"ಒಳ್ಳೆಯವನು."

"ಏನು ಕೆಲ್ಸ?"

"ಕನ್ನಡಕ ಮಾಡ್ತಾನೆ."

"ಹೌದಾ! ಹಂಗಾದ್ರೆ ನಂಗೊಂದು..." ಎಂದವಳು ಬಾಯಿ ಮುಚ್ಚಿಕೊಂಡು ನಕ್ಕಳು. "ಛೇ, ನಾನ್ಯಾರು ಅಂತ ಮಾಡ್ಕೊಡ್ತಾನೆ?"

ಆಗಲೇ ಬೀಗಿತ್ತಿ ಕೈ ತೊಳೆಯಲು ಬಂದಳು, ಹಿಂದೆ ನಲ್ಲಿಯಕ್ಕ. ನೀರು ಕಂಡು ಬೀಗಿತ್ತಿಗೆ ಖುಷಿಯಾಯಿತು. "ಅಬ್ಬಾ, ಎಂಥಾ ನೀರು ನಿಮ್ಮೂರಲ್ಲಿ!" ಎಂದು ಮೊಣಕೈವರೆಗೆ ತೊಳೆದುಕೊಂಡಳು. ಫಳಫಳ ಹೊಳೆಯುವ ಲೋಟಗಳನ್ನು ನೋಡಿ ಅಜ್ಜಿಯನ್ನು ಕೇಳಿದಳು: "ಎಷ್ಟು ವರ್ಷದಿಂದ ಇದೀಯಜ್ಜಿ ಇಲ್ಲಿ?"

"ಈ ಅಮ್ಮ ಹುಟ್ದಾಗಿಂದ," ಎಂದಳು ಕಲ್ಲಜ್ಜಿ. ಅಜ್ಜಿ ಲೋಟದಿಂದ ಕಣ್ಣೆತ್ತದೆ, "ಈ ಅಮ್ಮನ ಮಗು ಹುಟ್ದಾಗಿಂದ ಇದೀನಿ" ಎಂದು ಸರಿಮಾಡಿದಳು.

"ಇಂಥೋರು ಈಗ ಸಿಗಲ್ಲ ಕಣ್ರೀ. ಮದುವೆಗೂ ಇವಳ್ನೇ ಕರ್ಕೊಳ್ಳಿ, ಪಾತ್ರೆ ಬೇಕಾದಷ್ಟು ಬೀಳುತ್ತೆ. ಬರ್ತೀಯಲ್ಲಜ್ಜಿ?"

ಅಜ್ಜಿ ಮಗಳ ಮುಖ ನೋಡಿದಳು. ಮಗಳು "ಹೂಂ" ಎಂದಳು. ಅಷ್ಟೇ ಅಂದದ್ದು. ಆ ಒಂದು ಅಕ್ಷರಕ್ಕೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ನನಗೇ ಹಾಗಾದರೆ ಅಂದವಳಿಗೆ ಹೇಗಾಗಿರಬೇಕು.

ಅಜ್ಜಿ ಲೋಟಗಳನ್ನು ಬೋರಲು ಹಾಕಿ ಹಿತ್ತಲ ಬಾಗಿಲಿನ ಚಿಲಕ ತೆಗೆದು ಹೊರಟುಹೋದಳು. ಮುಂದೆ ಇಟ್ಟಿದ್ದ ಕೊಡ ಅಲ್ಲೇ ಉಳಿಯಿತು. ಸಂಬಂಧ ಕುದುರಿತು. ಬೀಗರು ಬಸ್ಸು ಹತ್ತುವಾಗಲೂ ನಮ್ಮ ಊರಿನ ನೀರನ್ನು ಹೊಗಳುತ್ತಿದ್ದರು.

ಅವರು ಹೋದ ಮೇಲೆ ಆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹುಡುಗಿ ಹೊಸ ಬಟ್ಟೆಯಲ್ಲೇ ಮೂಲೆಯಲ್ಲಿ ಕೂತಿದ್ದಳು. "ಅಜ್ಜಿ ಅಂತ ಕರೆಯೋಕೆ ಬಾಯಿಗೆ ಬಂದಿತ್ತಮ್ಮ" ಎಂದಳು, "ಕರೀಲಿಲ್ಲ."

ನಲ್ಲಿಯಕ್ಕ ದಡಕ್ಕನೆ ಎದ್ದಳು. "ಫೋನ್ ಕೊಡಿ. ಅವ್ರಿಗೆ ಈಗ್ಲೇ ನಿಜ ಹೇಳ್ಬಿಡ್ತೀನಿ."

"ಏನಂತ ಹೇಳ್ತೀಯಾ?" ಎಂದ ಗಂಡ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಬೆಳಿಗ್ಗೆ ಹೇಳಿದ್ರೆ ಮನೆತನದ ಮಾತಾಗ್ತಿತ್ತು. ಈಗ ಹೇಳಿದ್ರೆ? ನಿಮ್ಮ ಎಂಜಲು ಲೋಟ ನಮ್ಮವ್ವನ ಕೈಲಿ ತೊಳೆಸ್ದೆ ಅಂತ ಹೇಳ್ತೀಯಾ? ಬಂದವರ ಮಗಳನ್ನ ಅವ್ರು ಒಪ್ಪಿದ್ರೂ ಒಪ್ಪಬಹುದು. ಇಂಥಾ ಮಗಳನ್ನ ಯಾರು ಒಪ್ತಾರೆ?"

ಅವನ ಬಾಯಲ್ಲಿ ಅಷ್ಟು ಸರಿಯಾದ ಮಾತು ನಾನು ಯಾವತ್ತೂ ಕೇಳಿರಲಿಲ್ಲ. ಅವಳು ಫೋನು ಕೆಳಗಿಟ್ಟಳು. ಅವನು ಎದ್ದು ವಾಲ್ವಿನ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗಿಟ್ಟುಕೊಂಡು ಟ್ಯಾಂಕಿನ ಕಡೆ ಹೋದ. ಸ್ವಲ್ಪ ಹೊತ್ತಿಗೇ ವಾಪಸ್ಸು ಬಂದು ಕೀಲಿಯನ್ನು ಗೋಡೆಗೆ ಒರಗಿಸಿದ. ನಾಲ್ಕನೇ ವಾಲ್ವು ಪೂರ್ತಿ ತಿರುಗಿಸಿದರೂ ಪೈಪಿನಲ್ಲಿ ಬುಸ್ ಎಂದು ಗಾಳಿ ಬಂತೇ ಹೊರತು ನೀರು ಬರಲಿಲ್ಲವಂತೆ. ಟ್ಯಾಂಕು ಖಾಲಿ. ಇದ್ದ ನೀರೆಲ್ಲ ನಮ್ಮ ಹಿತ್ತಲುಗಳಲ್ಲಿ ಹರಿದು ಹೋಗಿತ್ತು.

ನಲ್ಲಿಯಕ್ಕ ತಾಯಿಯ ಕೊಡವನ್ನು ಒಳಗೆ ತಂದಳು. ಡ್ರಮ್ಮಿನಲ್ಲಿ ಅದ್ದಿ ತುಂಬಿಸಿ ಸೊಂಟಕ್ಕೇರಿಸಿಕೊಂಡಳು. ನಾನೂ ನನ್ನ ಮನೆಯ ಕೊಡ ತುಂಬಿಕೊಂಡು ಜೊತೆಗೆ ಹೊರಟೆ. ಎರಡು ಕೊಡ ನೀರು ಸಾಲಿಗೆ ಯಾವ ಮೂಲೆಗೆ ಸಾಕು? ಆದರೂ ಹೊರಟೆವು. ಮಟಮಟ ಮಧ್ಯಾಹ್ನ ಬೀದಿಯ ನಡುವೆ ಅವಳು ಕೊಡ ಹೊತ್ತು ಗಣಿಯ ಕಡೆ ನಡೆಯುವುದನ್ನು ಎಲ್ಲರೂ ನೋಡಿದರು. ಅಂಗಡಿಯವನು, ಏನಕ್ಕಾ ಈ ಕಡೆ ಎಂದ. ಅವಳು, ನಮ್ಮವ್ವನ ಮನೆಗೆ ಎಂದಳು. ಬೆಳಿಗ್ಗೆ ಬಾರದ ಮಾತು ಆಗ ಬಂತು, ಕೇಳಬೇಕಾದವರು ಮಾತ್ರ ಅಲ್ಲಿರಲಿಲ್ಲ.

ಸಾಲಿನಲ್ಲಿ ಹೆಂಗಸರು ಖಾಲಿ ಕೊಡಗಳನ್ನು ಬಾಗಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮನ್ನು ನೋಡಿದರು, ದಾರಿ ಬಿಟ್ಟರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕಲ್ಲಜ್ಜಿಯ ಮನೆ ಒಂದೇ ಕೋಣೆ. ಗೋಡೆ ಪೂರಾ ಕಲ್ಲಿನ ಚೂರು, ಒಳಗೆ ತಂಪು. ಅವಳು ನಮ್ಮನ್ನು ಕಂಡು ಗಡಬಡಿಸಿ ಎದ್ದು, ಸುರುಳಿ ಸುತ್ತಿಟ್ಟಿದ್ದ ಚಾಪೆ ಬಿಚ್ಚಿ ಹಾಸಿದಳು.

"ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ. ಬಿಸಿಲಲ್ಲಿ ಯಾಕೆ ಬರೋಕೋದ್ರಿ?"

ನಲ್ಲಿಯಕ್ಕ ಕೊಡ ಹೊತ್ತುಕೊಂಡೇ ನಿಂತಳು. "ಇಲ್ಲಿ ಯಾರಿದ್ದಾರವ್ವಾ? ನಾನು ಕಣವ್ವಾ. ಕೂಸೇ ಅನ್ನು."

ಅಜ್ಜಿ ಚಾಪೆಯ ಅಂಚು ಸರಿಮಾಡಿದಳು.

"ಬೈಯೋದಾದ್ರೆ ಬೈಯವ್ವಾ. ಹೊಡಿ. ಹಿಂಗೆ ಮಾತ್ರ ಮಾತಾಡ್ಬೇಡ," ಎಂದು ಅವಳು ಬಿಕ್ಕಿದಳು. ಕೊಡ ತುಳುಕಿ ಸೀರೆಯೆಲ್ಲ ನೆನೆಯಿತು.

"ಅಯ್ಯೋ, ಕೋಪ ಯಾಕೆ ಮಾಡ್ಕೊಳ್ಲಿ?" ಎಂದಳು ಅಜ್ಜಿ. ನಿಜವಾಗಿಯೂ ಅವಳ ಮುಖದಲ್ಲಿ ಕೋಪವಿರಲಿಲ್ಲ. ಹುಡುಕಿದೆ, ಸಿಗಲಿಲ್ಲ. "ನನ್ನ ಮೊಮ್ಮಗಳ ಮದುವೆ ನಾನು ನೋಡ್ಬೇಡ್ವಾ? ಪಾತ್ರೆ ತೊಳೆಯೋಕೆ ಬಾ ಅಂತ ಅವ್ರೇ ಕರ್ದಿದಾರಲ್ಲ, ಬರ್ತೀನಿ. ಅಷ್ಟು ಜನರ ಮಧ್ಯೆ ಬಾಯಿ ತಪ್ಪಿ ಕೂಸೇ ಅಂದ್ಬಿಟ್ರೆ ಏನು ಗತಿ? ಇವತ್ತೇ ಒಂದ್ಸಲ ತಪ್ಪೋದ್ರಲ್ಲಿತ್ತು. ಅದಕ್ಕೇ ಈಗಿಂದ್ಲೇ ರೂಢಿ ಮಾಡ್ಕೋತಿದ್ದೀನಿ. ಕೊಡ ಇಳ್ಸಿ ಅಮ್ಮಾವ್ರೇ, ಸೊಂಟ ನೋಯುತ್ತೆ."

ನಲ್ಲಿಯಕ್ಕ ಕೊಡ ಇಳಿಸಲಿಲ್ಲ. ಅವಳಿಗೆ ಅದನ್ನು ಎಲ್ಲಿಡಬೇಕೆಂದೂ ತಿಳಿದಂತಿರಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿದಳು.

"ನೀವೇ ಹೇಳಿ ಟೈಲರಮ್ಮ. ಸರಿಯಾಗಿ ಅಂದೆ ತಾನೆ?"

ನಾನು ತಲೆಯಾಡಿಸಿದೆ. ಸರಿಯಾಗಿಯೇ ಅಂದಿದ್ದಳು.